ಗದ್ದೆಮ್ಮ ಗಲ್ಲ ನೋಡಲು ಬಂದದ್ದು

ಸಿಂಧನೂರು
೧೨ ನವೆಂಬರ್ ೧೯೫೩

ಚಿರಂಜೀವಿ ತಮ್ಮ ಕರಿಬಸಪ್ಪನಿಗೆ ಅಕ್ಕ ಶೇಖರಮ್ಮನ ಆಶೀರ್ವಾದ.

ಎಲ್ಲ ಕ್ಷೇಮ ಎಂದು ಮೊದಲ ಸಾಲಿನಲ್ಲಿ ಬರೆಯಬೇಕೆಂದು ಅಪ್ಪ ಕಲಿಸಿದ್ದ. ಅರ್ಧ ಕ್ಷೇಮ ಎಂದು ತಿಳಿದುಕೋ. ಉಳಿದ ಅರ್ಧಕ್ಕೆ ಈ ಪತ್ರ.

ನಮ್ಮ ಪಂಪಿಗೆ ಮಸ್ಕಿಯಿಂದ ಕೇಳಿಕೆ ಬಂದಿದೆ. ಹುಡುಗನ ಹೆಸರು ಹಂಪಣ್ಣ. ಕಾಲುವೆ ಕಚೇರಿಯಲ್ಲಿ ಕಾರಕೂನ. ಇಲ್ಲಿ ಕೆಲಸದ ಮೇಲೆ ಬಂದಾಗ ನಮ್ಮ ಯಜಮಾನರ ಅಂಗಡಿಯಲ್ಲಿ ಧೋತರ ಕೊಂಡು, ನೀರು ಕೇಳಿ, ಪಂಪಿಯ ಕೈಯಿಂದಲೇ ಕುಡಿದು ಹೋದವನು. ನಾನು ಹಿಂದಿನ ಬಾಗಿಲಿನಿಂದ ನೋಡಿದೆ. ಕುಡಿದ ಚಂಬನ್ನು ತಾನೇ ತೊಳೆದಿಟ್ಟ. ಅವತ್ತೇ ಈ ಹುಡುಗ ನಮ್ಮ ಮನೆಗೆ ಬೇಕು ಎಂದುಕೊಂಡೆ. ಪಂಪಿ ಬಾಯಿ ಬಿಟ್ಟು ಏನೂ ಹೇಳಿಲ್ಲ. ಆದರೆ ಆ ಚಂಬನ್ನು ಬೇರೆ ಯಾರಿಗೂ ಕೊಡುತ್ತಿಲ್ಲ.

ತೊಂದರೆ ಹುಡುಗನದಲ್ಲ, ಅವನ ಅಜ್ಜಿಯದು. ಗದ್ದೆಮ್ಮ ಎಂದು ಹೆಸರು. ಆಕೆ ಹೆಣ್ಣು ನೋಡಲು ಹೋದರೆ ಹುಡುಗಿಯನ್ನು ನೋಡುವುದಿಲ್ಲವಂತೆ, ಹುಡುಗಿಯ ತಾಯಿಯನ್ನು ನೋಡುತ್ತಾಳಂತೆ. ನೂಲಿನಂತೆ ಸೀರೆ, ತಾಯಿಯಂತೆ ಮಗಳು ಎಂಬ ಮಾತನ್ನು ಆಕೆ ಸೆರಗಿಗೆ ಗಂಟು ಹಾಕಿಕೊಂಡೇ ತಿರುಗುತ್ತಾಳೆ. ಹಿರಿಯ ಮೊಮ್ಮಕ್ಕಳ ಸಲುವಾಗಿ ನೋಡಿದ ಎರಡು ಸಂಬಂಧ, ಒಂದು ಮುದಗಲ್ಲಿನದು, ಇನ್ನೊಂದು ಕವಿತಾಳದ್ದು, ತಾಯಂದಿರ ಗಲ್ಲ ಬತ್ತಿವೆ ಎಂದು ಮುರಿದುಬಿದ್ದವು ಎಂದು ಊರೆಲ್ಲ ಹೇಳುತ್ತದೆ. ಗಲ್ಲ ಬತ್ತಿದರೆ ಕ್ಷಯ ಎಂದು ಲೆಕ್ಕ. ಕ್ಷಯದ ಮನೆಯ ಹೆಣ್ಣು ಯಾರಿಗೆ ಬೇಕು?

ನನ್ನ ಗಲ್ಲ ನೀನು ಎರಡು ವರ್ಷದಿಂದ ನೋಡಿಲ್ಲ. ಹೋದ ವರ್ಷ ಜ್ವರ ಬಂದಾಗ ಮೇಲಿನ ದವಡೆ ಹಲ್ಲು ಎರಡೂ ಕಡೆ ಸೇರಿ ಐದು ಕೀಳಿಸಿದೆನಲ್ಲ, ಆಮೇಲೆ ಒಳಗೆ ಹೋದ ಗಲ್ಲ ಹೊರಗೆ ಬರಲಿಲ್ಲ. ಒಂದೊಂದರಲ್ಲಿ ಬೊಗಸೆ ಜೋಳ ಹಿಡಿಸುತ್ತದೆ. ನಲವತ್ತಕ್ಕೇ ಎಪ್ಪತ್ತರ ಮುಖ.

ಇಲ್ಲಿಯ ಛತ್ರಕ್ಕೆ ತಿಂಗಳಿಗೊಮ್ಮೆ ಹೊರಗಿನಿಂದ ಒಬ್ಬ ಡಾಕ್ಟರ್ ಬರುತ್ತಾನೆ. ಗಲ್ಲಕ್ಕೆ ಸೂಜಿಯಿಂದ ಮೇಣ ತುಂಬಿ ಒಂದೇ ದಿನದಲ್ಲಿ ಹದಿನೆಂಟರ ಮುಖ ಮಾಡುತ್ತಾನಂತೆ. ನನಗೆ ಹದಿನೆಂಟು ಬೇಡ, ಮೂವತ್ತೈದು ಸಾಕು. ನೀನು ದವಾಖಾನೆಯಲ್ಲಿ ಹದಿಮೂರು ವರ್ಷದ ಕಂಪೌಂಡರ. ಹಾಕಿಸಿಕೊಳ್ಳಲೋ ಬೇಡವೋ, ತಿರುಗು ಟಪಾಲಿಗೆ ಬರೆ.

ನಿನ್ನ ಅಕ್ಕ
ಶೇಖರಮ್ಮ


ಲಿಂಗಸುಗೂರು
೨೦ ನವೆಂಬರ್ ೧೯೫೩

ಪೂಜ್ಯ ಅಕ್ಕನಿಗೆ ಕರಿಬಸಪ್ಪನ ನಮಸ್ಕಾರ.

ಹಾಕಿಸಿಕೊಳ್ಳಬೇಡ. ಈ ಒಂದು ಪದ ಓದಿ ಉಳಿದದ್ದನ್ನು ಬಿಟ್ಟರೂ ನಡೆಯುತ್ತದೆ. ಆದರೆ ನಿನ್ನ ಸ್ವಭಾವ ನನಗೆ ಗೊತ್ತು, ಕಾರಣ ಹೇಳದಿದ್ದರೆ ನೀನು ಛತ್ರದ ಬಾಗಿಲಲ್ಲೇ ಇರುತ್ತೀ.

ನಮ್ಮ ಹೆಂಗಸರ ವಾರ್ಡಿನಲ್ಲಿ ಖಾಸಿಂಬೀ ಎಂಬಾಕೆ ಇದ್ದಾರೆ. ನಾಟಕ ಕಂಪನಿಯಲ್ಲಿ ಹಾಡುತ್ತಿದ್ದವರು. ಏಳು ವರ್ಷದ ಹಿಂದೆ ಇಂಥ ಒಬ್ಬನಿಂದಲೇ ಎರಡೂ ಗಲ್ಲಕ್ಕೆ ಮೇಣ ತುಂಬಿಸಿಕೊಂಡರು. ಒಂದು ವರ್ಷ ಚೆನ್ನಾಗಿತ್ತಂತೆ. ಆಮೇಲೆ ಮೇಣ ಗಟ್ಟಿಯಾಗಿ, ಬಿಸಿಲಿಗೆ ಜಾರಿ, ಈಗ ಬಲಗಡೆಯದು ದವಡೆಯ ಕೆಳಗೆ ಗೋಲಿಯಂತೆ ನಿಂತು ಕೀವಾಗಿದೆ. ನಿನ್ನ ವಿಷಯ ಹೇಳಿದೆ. ಆಕೆ ನನ್ನ ಕೈ ಹಿಡಿದು ಅಂದರು: "ನಿಮ್ಮ ಅಕ್ಕಾಗ ನನ್ನ ಹೆಸರು ಹೇಳಿ ಬರೀರಿ. ಖಾಸಿಂಬೀ ಬ್ಯಾಡ ಅಂದಾಳ ಅಂತ ಬರೀರಿ. ನಾಚಿಕಿ ನಂದು, ಉಪಯೋಗ ಅವರಿಗಾಗಲಿ." ಅವರ ಹೆಸರು ಮರೆಮಾಚದೆ ಬರೆದದ್ದು ಅದಕ್ಕೇ. ತನ್ನ ಕೆಟ್ಟ ಮುಖವನ್ನು ಇನ್ನೊಬ್ಬರ ಒಳಿತಿಗೆ ಮುಂದೆ ಮಾಡುವ ಗುಂಡಿಗೆ ಎಲ್ಲರಿಗೂ ಇರುವುದಿಲ್ಲ.

ನಮ್ಮ ಡಾಕ್ಟರ್ ಸಾಹೇಬರನ್ನೂ ಕೇಳಿದೆ. ಬೊಂಬಾಯಿಯಲ್ಲಿ ಹೊಟ್ಟೆಯ ಕೊಬ್ಬನ್ನು ಕತ್ತರಿಸಿ ಗಲ್ಲದೊಳಗೆ ಇಡುತ್ತಾರಂತೆ, ಆದರೆ ಅರ್ಧಕ್ಕರ್ಧ ಕರಗಿಹೋಗುತ್ತದಂತೆ. ಎಣ್ಣೆ ತಿಕ್ಕಿದರೆ ಚರ್ಮ ಮೆತ್ತಗಾಗುತ್ತದೆ, ಗಲ್ಲ ತುಂಬುವುದಿಲ್ಲ. ಮುಖಕ್ಕೆ ಹಚ್ಚುವ ಯಾವ ಕ್ರೀಮೂ ಒಳಗಿನ ಮಾಂಸ ಬೆಳೆಸುವುದಿಲ್ಲ.

ಒಂದು ದಾರಿ ಇದೆ. ಇಲ್ಲಿ ಬಸ್ ನಿಲ್ದಾಣದ ಹಿಂದೆ ದಾವಲ್‌ಸಾಬ್ ಎಂಬವರು ಹೋದ ಹಲ್ಲಿನ ಜಾಗಕ್ಕೆ ಕೂರಿಸುವ ಹಲ್ಲಿನ ಕಟ್ಟು ಮಾಡುತ್ತಾರೆ. ಹೈದರಾಬಾದಿನಲ್ಲಿ ಹಲ್ಲಿನ ಡಾಕ್ಟರ ಕೈಕೆಳಗೆ ಹನ್ನೆರಡು ವರ್ಷ ಕಲಿತವರು. ಕಟ್ಟಿನ ಹೊರಬದಿಗೆ, ಹಲ್ಲಿಗೂ ಗಲ್ಲಕ್ಕೂ ನಡುವೆ, ಗುಲಾಬಿ ಬಣ್ಣದ ಉಬ್ಬು ಇಟ್ಟು ಗಲ್ಲವನ್ನು ಒಳಗಿನಿಂದ ಎತ್ತಿ ನಿಲ್ಲಿಸುತ್ತಾರೆ. ಬೇಡವಾದಾಗ ಕೈಯಿಂದ ತೆಗೆದಿಡಬಹುದು. ಸೂಜಿ ಇಲ್ಲ, ಮೇಣ ಇಲ್ಲ. ಗಲ್ಲ ತುಂಬಿದ್ದಾಗಿನ ಹಳೆಯ ಫೋಟೋ ಇದ್ದರೆ ತರಬೇಕಂತೆ.

ಇನ್ನೊಂದು ಮಾತು. ಸಂಜೆ ಹೊತ್ತು ಮೈ ಬೆಚ್ಚಗಾಗುತ್ತದೆಯೇ? ಕೆಮ್ಮು ಇದೆಯೇ? ಊಟ ಹೇಗೆ? ಸುಮ್ಮನೆ ಕೇಳಿದೆ. ದವಾಖಾನೆಯವರ ಚಟ.

ನಿನ್ನ ತಮ್ಮ
ಕರಿಬಸಪ್ಪ


ಸಿಂಧನೂರು
೧ ಡಿಸೆಂಬರ್ ೧೯೫೩

ಚಿರಂಜೀವಿ ಕರಿಬಸಪ್ಪನಿಗೆ,

ಖಾಸಿಂಬೀ ಅವರಿಗೆ ನನ್ನ ಕೈಮುಗಿದ ನಮಸ್ಕಾರ ತಿಳಿಸು. ಆಕೆ ಹೇಳಿದ ಮಾತು ಕೇಳಿದ್ದೇನೆ. ಛತ್ರದ ಕಡೆ ಇನ್ನು ಹೋಗುವುದಿಲ್ಲ.

ಹದಿನೇಳಕ್ಕೆ ಬೆಳಗಿನ ಬಸ್ಸಿಗೆ ಬರುತ್ತೇನೆ. ನಮ್ಮ ಮೈದುನನ ಮದುವೆಯಲ್ಲಿ ರಾಯಚೂರಿನ ಫೋಟೋದವನು ತೆಗೆದ ಚಿತ್ರ ಇದೆ, ಹದಿನಾಲ್ಕು ವರ್ಷದ ಹಿಂದಿನದು. ಅದರಲ್ಲಿ ನನ್ನ ಮುಖ ನೋಡಿ ನಿಮ್ಮ ಮಾವ, "ಇಕಿ ಯಾರು, ನಮ್ಮ ಮನಿಯಾಕಿ ಎಲ್ಲಿ?" ಎಂದರು. ನಗೆಚಾಟಿಕೆಗೆ ಅಂದದ್ದು. ಆದರೂ ನನಗೆ ನಗು ಬರಲಿಲ್ಲ. ಅದನ್ನೇ ತರುತ್ತೇನೆ.

ಕೆಮ್ಮು ಸ್ವಲ್ಪ ಇದೆ. ಹತ್ತಿ ಬಿಡಿಸುವ ಕಾಲ, ಧೂಳು. ಊಟ ಮಾಡುತ್ತೇನೆ. ಪಂಪಿ ಈಗ ರೊಟ್ಟಿ ಬಡಿಯುವುದನ್ನು ನೀನು ನೋಡಬೇಕು, ಅಂಗೈಯಲ್ಲೇ ಚಂದ್ರನ ಹಾಗೆ ದುಂಡಗೆ ತಿರುಗಿಸುತ್ತಾಳೆ. ಅವ್ವನಿಗೂ ಅಷ್ಟು ಬರುತ್ತಿರಲಿಲ್ಲ. ಈ ಹುಡುಗಿಯನ್ನು ಬೇಡ ಎನ್ನುವ ಮನೆ ಇದ್ದರೆ ಅದಕ್ಕೆ ಕಣ್ಣಿಲ್ಲ ಎಂದೇ ಅರ್ಥ.

ಶೇಖರಮ್ಮ


ಲಿಂಗಸುಗೂರು
೮ ಜನವರಿ ೧೯೫೪

ಪೂಜ್ಯ ಅಕ್ಕನಿಗೆ,

ಕಟ್ಟು ತಯಾರಾಗಿದೆ. ಈ ಪತ್ರದ ಜೊತೆ ಮಾವನ ಕೈಯಲ್ಲಿ ಕಳಿಸುತ್ತಿದ್ದೇನೆ. ಹೆಣ್ಣು ನೋಡುವ ದಿನವನ್ನು ಸಂಕ್ರಾಂತಿಯ ಮರುದಿನಕ್ಕೇ ಹಿಡಿದಿದ್ದಾರೆ ಎಂದು ಮಾವ ಹೇಳಿದರು. ಹಾಗಾಗಿ ಇನ್ನೊಮ್ಮೆ ನೀನು ಬಂದು ಬಾಯಲ್ಲಿಟ್ಟು ನೋಡುವಷ್ಟು ಸಮಯ ಸಿಗಲಿಲ್ಲ.

ದಾವಲ್‌ಸಾಬ್ ಕೆಲಸ ಮಾಡುವುದನ್ನು ಮೂರು ಸಂಜೆ ಕೂತು ನೋಡಿದೆ. ನಿನ್ನ ಬಾಯಿಯ ಅಚ್ಚನ್ನು ಗಾರೆಯಲ್ಲಿ ಎರಕ ಹೊಯ್ದು, ಅದರ ಮುಂದೆ ನಿನ್ನ ಫೋಟೋ ನಿಲ್ಲಿಸಿ, ಉಬ್ಬನ್ನು ಉಗುರಿನಷ್ಟು ಕೂಡಿಸುವುದು, ನೋಡುವುದು, ಅರ್ಧ ಉಗುರಿನಷ್ಟು ಕೆರೆಯುವುದು. ಎಡಗಡೆಯ ಉಬ್ಬು ದೊಡ್ಡದಾಯಿತಲ್ಲ ಎಂದೆ. ನನ್ನನ್ನು ಪಾಪದವನಂತೆ ನೋಡಿದರು. "ಕಂಪೌಂಡರ್ ಸಾಬ್, ಫೋಟೋ ನೋಡ್ರಿ. ಅಕ್ಕಾವ್ರ ಎಡಗಲ್ಲ ಬಲಗಲ್ಲಕ್ಕಿಂತ ತುಂಬೇತಿ. ದೇವರು ಯಾರ ಮುಖಾನೂ ಎರಡೂ ಕಡಿ ಒಂದ ಅಳತಿಗಿ ಮಾಡಿಲ್ಲ. ಎರಡೂ ಸಮ ಮಾಡಿದ್ರ ಅದು ಗೊಂಬಿ ಮುಖ ಆಗ್ತೈತಿ." ಇಷ್ಟು ಸೂಕ್ಷ್ಮವಾಗಿ ಒಬ್ಬ ಮನುಷ್ಯನ ಮುಖ ನೋಡಿದವರನ್ನು ನಾನು ಕಂಡಿಲ್ಲ. ಲಿಂಗಸುಗೂರಿನ ಬಸ್ ನಿಲ್ದಾಣದ ಹಿಂದೆ ಇಂಥ ಕೈ ಇದೆ ಎಂದು ಈ ಊರಿಗೇ ಗೊತ್ತಿಲ್ಲ.

ಮೊದಲ ದಿನ ಮಾತು ತೊದಲುತ್ತದೆ. ಬಿಸಿ ಚಹಾ ಕುಡಿಯಬೇಡ.

ಅಚ್ಚು ತೆಗೆಸಿಕೊಂಡ ದಿನ ಸಾಹೇಬರಿಗೆ ಒಮ್ಮೆ ಎದೆ ತೋರಿಸಿ ಹೋಗು ಎಂದರೆ, ಬಸ್ಸು ತಪ್ಪುತ್ತದೆ ಎಂದು ನೀನು ಓಡಿದೆ. ಬಸ್ಸಿಗೆ ಇನ್ನೂ ಒಂದು ತಾಸಿತ್ತು. ದಾವಲ್‌ಸಾಬ್ ನಿನ್ನ ವಿಷಯ ಒಂದು ಮಾತು ಹೇಳಿದ್ದಾರೆ. ಪತ್ರದಲ್ಲಿ ಬೇಡ. ಹೆಣ್ಣು ನೋಡುವ ಶಾಸ್ತ್ರ ಮುಗಿಯಲಿ, ಎದುರಿಗೇ ಹೇಳುತ್ತೇನೆ.

ಕರಿಬಸಪ್ಪ


ಸಿಂಧನೂರು
೧೮ ಜನವರಿ ೧೯೫೪

ಕರಿಬಸಪ್ಪನಿಗೆ,

ಮುಗಿಯಿತು. ಮಸ್ಕಿಯ ಸಂಬಂಧ ಮುರಿಯಿತು. ಮುರಿದವರು ಯಾರು ಎಂದು ಕೇಳಿದರೆ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ. ನಿನ್ನ ದಾವಲ್‌ಸಾಬ್, ರಾಯಚೂರಿನ ಫೋಟೋದವನು, ಮತ್ತು ಹದಿನಾಲ್ಕು ವರ್ಷದ ಹಿಂದಿನ ಒಂದು ಎಲೆಅಡಿಕೆ.

ಕ್ರಮವಾಗಿ ಹೇಳುತ್ತೇನೆ. ಗದ್ದೆಮ್ಮ ತನ್ನ ಮಗನ ಜೊತೆ, ಅಂದರೆ ಹುಡುಗನ ಅಪ್ಪನ ಜೊತೆ, ಹೊತ್ತು ಇಳಿಯುವ ಮುಂಚೆ ಬಂದಳು. ಸಣ್ಣ ಆಕೃತಿ, ನೆಟ್ಟಗಿನ ಬೆನ್ನು. ಪಂಪಿ ನೀರು ತಂದಿಟ್ಟಳು. ಮುದುಕಿ ಒಂದು ಗಳಿಗೆ ನೋಡಿ, "ಹುಡುಗಿ ಚಲೋ ಅದಾಳ. ನೀ ಒಳಗ ಹೋಗವ್ವ," ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ತಾಯಿ, ನೀ ಇತ್ತ ಬಾ. ಬೆಳಕಿಗಿ ಬಾ."

ಕೂತೆ. ತವರು ಯಾವುದು, ಎಷ್ಟು ಮಕ್ಕಳು ಎಂದು ಕೇಳಿದಳು. ನಾನು ಉತ್ತರ ಹೇಳಿದರೆ ಬಾಯಿ ತುಂಬ ಬಿಸಿ ಕಿಚಡಿ ಇಟ್ಟುಕೊಂಡವಳ ಹಾಗೆ ಬರುತ್ತಿತ್ತು. ಆಕೆ ಹುಬ್ಬು ಗಂಟು ಹಾಕಿದಳು.

"ಅಲ್ಲವ್ವ, ಹಿರ್ಯಾರ ಮುಂದ ಬಾಯಾಗ ಎಲಿ ಇಟ್ಕೊಂಡು ಮಾತಾಡ್ತಿಯಲ್ಲ? ಹೋಗು, ಉಗುಳಿ ಬಾ."

"ಎಲಿ ಹಾಕ್ಕೊಂಡಿಲ್ರೀ," ಎಂದೆ.

"ನನಗ ವಯಸ್ಸಾಗೇತಿ, ಕಣ್ಣು ಹೋಗಿಲ್ಲ. ಎಡಗಲ್ಲದಾಗ ಇಟ್ಟೀದಿ. ಉಗುಳು ಅಂದೆ."

ಆಗ ಹೊಳೆಯಿತು, ತಮ್ಮಾ! ಆ ಫೋಟೋ ತೆಗೆದ ದಿನ ಊಟ ಮುಗಿಸಿ ಎಲೆ ಹಾಕಿಕೊಂಡಿದ್ದೆ. ಸಾಲಾಗಿ ನಿಲ್ಲಿಸಿಬಿಟ್ಟರು, ಉಗುಳಲು ಜಾಗವಿಲ್ಲ. ಎಲ್ಲವನ್ನೂ ಎಡಗಡೆಗೆ ತಳ್ಳಿ ಬಾಯಿ ಮುಚ್ಚಿಕೊಂಡು ನಿಂತಿದ್ದೆ. ನಿನ್ನ ದಾವಲ್‌ಸಾಬ್ ದೇವರು ಕೊಟ್ಟ ಗಲ್ಲ ಎಂದುಕೊಂಡು ಮೂರು ಸಂಜೆ ಕೂತು ಮಾಡಿದ್ದು ನನ್ನ ಎಲೆಅಡಿಕೆಯನ್ನು!

ನಗು ತಡೆಯಲಾಗಲಿಲ್ಲ. ನಕ್ಕ ಹೊಡೆತಕ್ಕೆ ಕಟ್ಟು ಸಡಿಲಾಗಿ ನಾಲಗೆಯ ಮೇಲೆ ಬಂತು. ಹಿತ್ತಲಿಗೆ ಹೋಗಿ ಉಗುಳಿದಂತೆ ಮಾಡಿ ಬಂದರೂ ಗಲ್ಲ ಹಾಗೇ ಇರುತ್ತದೆ. ತೆಗೆದಿಟ್ಟು ಬಂದರೆ ಎರಡೂ ಗಲ್ಲ ಹೋಗುತ್ತವೆ. ಬೇರೆ ದಾರಿ ಕಾಣದೆ ಅಲ್ಲೇ ತೆಗೆದು ಅಂಗೈಯಲ್ಲಿ ಹಿಡಿದೆ. "ಇದ ನೋಡ್ರಿ ಆ ಎಲಿ," ಎಂದೆ.

ಹುಡುಗನ ಅಪ್ಪ ಗೋಡೆಯ ಕಡೆ ಮುಖ ತಿರುಗಿಸಿದ. ನಿಮ್ಮ ಮಾವ ಕಂಬ ಹಿಡಿದುಕೊಂಡರು. ಮುದುಕಿ ನಗಲಿಲ್ಲ. ಕಟ್ಟನ್ನು ಕೈಗೆ ತೆಗೆದುಕೊಂಡು ಮಗುಚಿ ನೋಡಿದಳು. "ಯಾವ ಪುಣ್ಯಾತ್ಮ ಮಾಡ್ಯಾನ ಇದನ್ನ? ಅಕ್ಕಸಾಲಿ ಕೆಲಸ ಮಾಡ್ಯಾನ," ಎಂದಳು. ಆಮೇಲೆ ನನ್ನ ಗದ್ದ ಹಿಡಿದು ಎತ್ತಿ, ಗಲ್ಲದಿಂದ ಕಣ್ಣಿನ ಪಕ್ಕದವರೆಗೆ ಹೆಬ್ಬೆರಳಿನಿಂದ ಸವರಿದಳು. ಕುತ್ತಿಗೆಗೆ ಹಿಂಗೈ ಇಟ್ಟಳು. ಬಹಳ ಹೊತ್ತು ಇಟ್ಟಳು.

"ದಿನಾ ಈ ಹೊತ್ತಿಗಿ ಹಿಂಗ ಸುಡತೈತೇನು?"

ನಾನು ಸೆರಗನ್ನು ಕೊರಳಿಗೆ ಎಳೆದುಕೊಂಡೆ.

"ಇದು ಹಲ್ಲು ಹೋಗಿ ಬಿದ್ದ ಕುಣಿ ಅಲ್ಲ ತಾಯಿ. ಮೊದಲು ದವಾಖಾನಿಗಿ ಹೋಗು. ಲಗ್ನದ ಮಾತು ಆಮ್ಯಾಲ."

ಎದ್ದೇಬಿಟ್ಟಳು. ಪಂಪಿ ಹಿಡಿದಿದ್ದ ತಟ್ಟೆಯ ಸಕ್ಕರೆಯನ್ನು ಒಂದು ಕಾಳೂ ಬಾಯಿಗೆ ಹಾಕಲಿಲ್ಲ. ಹೆಣ್ಣು ನೋಡಲು ಬಂದವರು ಸಕ್ಕರೆ ತಿನ್ನದೆ ಎದ್ದರೆ ಏನರ್ಥ ಎಂದು ನಿನಗೆ ನಾನು ಹೇಳಬೇಕೇ? ದವಾಖಾನೆಯ ಹೆಸರು ಬರೀ ನೆಪ. ಮುದಗಲ್ಲಿನವರಿಗೆ, ಕವಿತಾಳದವರಿಗೆ ಆದದ್ದೇ ನಮಗೂ ಆಯಿತು. ಪಂಪಿ ಆ ತಟ್ಟೆಯನ್ನು ಒಳಗಿಟ್ಟು, ಹಿತ್ತಲಿನಲ್ಲಿ ನೀರು ಸೇದುತ್ತಲೇ ಇದ್ದಳು, ತುಂಬಿದ ಹಂಡೆಗೇ ಮತ್ತೆ ಸುರಿಯುತ್ತಾ.

ಪೋತನಾಳದಿಂದ ಇನ್ನೊಂದು ಕೇಳಿಕೆ ಇದೆ. ಕಟ್ಟನ್ನು ನಿಮ್ಮ ಮಾವನ ಕೈಯಲ್ಲಿ ಕಳಿಸಿದ್ದೇನೆ. ಎಡಗಡೆ ಕೆರೆಸಿ, ಎರಡೂ ಸಮ ಮಾಡಿಸಿ, ಹದಿನೈದು ದಿನದಲ್ಲಿ ಕಳಿಸು. ಗೊಂಬೆಯ ಮುಖವಾದರೂ ಪರವಾಗಿಲ್ಲ.

ಶೇಖರಮ್ಮ


ಲಿಂಗಸುಗೂರು
೨೫ ಜನವರಿ ೧೯೫೪

ಅಕ್ಕಾ,

ಕಟ್ಟು ನನ್ನ ಪೆಟ್ಟಿಗೆಯಲ್ಲಿದೆ. ಕಳಿಸುವುದಿಲ್ಲ. ಬೇಕಾದರೆ ನೀನೇ ಬಂದು ತೆಗೆದುಕೋ, ದವಾಖಾನೆಯ ಮೂಲಕ ಬಾ.

ಮೊದಲು ನನ್ನ ತಪ್ಪು ಹೇಳುತ್ತೇನೆ. ಅಚ್ಚು ತೆಗೆದ ದಿನ ನೀನು ಹೋದ ಮೇಲೆ ದಾವಲ್‌ಸಾಬ್ ನನ್ನನ್ನು ಕೂರಿಸಿಕೊಂಡು ಅಂದರು: "ಹಲ್ಲು ಹೋದ್ರ ಗಲ್ಲ ಬಾಯಿ ಮಟ್ಟಕ್ಕ ಅಷ್ಟ ಒಳಗ ಹೋಗ್ತೈತಿ. ಅಕ್ಕಾವ್ರದ್ದು ಕಣ್ಣಿನ ಕೆಳಗಿಂದ ಹೋಗೇತಿ, ಹಣಿ ಪಕ್ಕದ್ದೂ ಇಳದೈತಿ. ಅಲ್ಲಿಗಿ ನನ್ನ ಕಟ್ಟು ಮುಟ್ಟಂಗಿಲ್ಲ. ಇದನ್ನ ತುಂಬೂದು ನನ್ನ ಕಡಿಂದ ಆಗಂಗಿಲ್ಲ, ನಿಮ್ಮ ಕಡಿಂದ ಆಗ್ತೈತಿ." ಒಬ್ಬ ಹಲ್ಲು ಕಟ್ಟುವವನಿಗೆ ತಿಳಿದದ್ದು ಹದಿಮೂರು ವರ್ಷದ ಕಂಪೌಂಡರನಿಗೆ ತಿಳಿಯಲಿಲ್ಲವೇ? ತಿಳಿದಿತ್ತು. ನಿನ್ನ ಪತ್ರದಲ್ಲಿ ಎರಡು ಪ್ರಶ್ನೆಗೆ ಉತ್ತರವಿತ್ತು, ಇನ್ನೊಂದಕ್ಕೆ ಇರಲಿಲ್ಲ. ಸಂಜೆಯ ಜ್ವರದ್ದು. ಆಗಲೇ ತಿಳಿದಿತ್ತು. ಪಂಪಿಯ ಸಂಬಂಧ ಕೂಡಿಬರಲಿ, ಆಮೇಲೆ ಹೇಳೋಣ ಎಂದು ಸುಮ್ಮನಾದೆ. ರೋಗ ತೋರಿಸುತ್ತಿದ್ದ ಗಲ್ಲಕ್ಕೆ ಪರದೆ ಕಟ್ಟಿಸಿ ಕೊಟ್ಟವನು ನಾನೇ.

ನಿನ್ನೆ ಭಾನುವಾರ ಮಸ್ಕಿಗೆ ಹೋಗಿದ್ದೆ. ಜಗಳ ಮಾಡಬೇಕೆಂದೇ ಹೋದದ್ದು. ಗದ್ದೆಮ್ಮ ಅಂಗಳದಲ್ಲಿ ಕಡಲೆ ಆರಿಸುತ್ತಿದ್ದಳು. ನಾನು ಯಾರೆಂದು ಹೇಳಿದ ಕೂಡಲೇ, "ನಿಮ್ಮಕ್ಕ ದವಾಖಾನಿಗಿ ಬಂದಾಳೇನಪ?" ಎಂದು ಕೇಳಿದಳು. ಸಂಬಂಧ ಬೇಡ ಎಂದಮೇಲೆ ಆ ಚಿಂತೆ ನಿಮಗೇಕೆ ಎಂದೆ. ಮೊರ ಕೆಳಗಿಟ್ಟಳು.

"ಬ್ಯಾಡ ಅಂತ ಯಾರಂದ್ರು? ಹುಡುಗಿ ನಮ್ಮಕಿ. ನಾ ಸಕ್ರಿ ತಿಂದಿದ್ರ ನಿಮ್ಮಕ್ಕ ಲಗ್ನದ ಗಡಿಬಿಡಿಯಾಗ ಬಿದ್ದು ದವಾಖಾನಿ ಮರೀತಿದ್ಲು. ಎಲ್ಲಾರೂ ಹಂಗ ಮಾಡ್ತಾರ. ನಾನೂ ಮಾಡೀನಿ."

ಆಮೇಲೆ ತನ್ನ ಮಗಳು ಅಮರಮ್ಮನ ಸುದ್ದಿ ಹೇಳಿದಳು. ಅಮರಮ್ಮ ಗಂಡ ತೀರಿ ತವರಿಗೆ ಬಂದಿದ್ದಳು. ಗಲ್ಲ ಬತ್ತಿತು, ಸಂಜೆಗೆ ಮೈ ಸುಡುತ್ತಿತ್ತು. ಅದೇ ವರ್ಷ ಅವಳ ಇಬ್ಬರು ತಂಗಿಯರ ಮದುವೆಯ ಮಾತು ನಡೆದಿತ್ತು. ಬೀಗರು ಬಂದಾಗಲೆಲ್ಲ ಅಮರಮ್ಮನನ್ನು ಒಳಕೋಣೆಯಲ್ಲಿ ಕೂರಿಸಿ, ಕೆಮ್ಮು ಕೇಳದಂತೆ ಬಾಗಿಲಿಗೆ ಕಂಬಳಿ ಕಟ್ಟುತ್ತಿದ್ದರಂತೆ. ಎರಡು ಮದುವೆಯೂ ವೈಭವದಿಂದ ಆದವು. ಮೂರನೆಯ ತಿಂಗಳು ಅಮರಮ್ಮ ಹೋದಳು. "ಆಗ ಔಷಧ ಇದ್ದಿಲ್ಲ ಅಂತಾರ. ಇದ್ದಿಲ್ಲ, ಖರೆ. ಆದ್ರ ಐತೇನು ಅಂತ ಕೇಳಾಕೂ ನಾ ಹೋಗಲಿಲ್ಲಲ್ಲಪ," ಎಂದು ನನ್ನ ಮುಂದೆ, ಎಂದೂ ಕಾಣದ ಗಂಡಸಿನ ಮುಂದೆ, ಬಿಕ್ಕಿ ಬಿಕ್ಕಿ ಅತ್ತಳು.

ಮುದಗಲ್ಲಿನ, ಕವಿತಾಳದ ತಾಯಂದಿರಿಗೂ ಆಕೆ ಹೇಳಿದ್ದು ಇದೇ ಮಾತು. ಅವರಿಗೆ ಅವಮಾನವಾಯಿತು. ಸಂಬಂಧ ಮುರಿದವರು ಅವರೇ. ಬೇರೆ ಕಡೆ ಅವಸರದಿಂದ ಮದುವೆ ಮಾಡಿದರು. ಮುದಗಲ್ಲಿನಾಕೆ ವರ್ಷ ತುಂಬುವುದರೊಳಗೆ ತೀರಿದಳು. ಕವಿತಾಳದಾಕೆ ಹೋದ ದಸರೆಗೆ. ಊರು ನಮಗೆ ಹೇಳಿದ ಕಥೆಯಲ್ಲಿ ಇದು ಇರಲಿಲ್ಲ.

ಅಕ್ಕಾ, ಈಗ ಔಷಧ ಇದೆ. ತೊಂಬತ್ತು ಇಂಜೆಕ್ಷನ್, ಜೊತೆಗೆ ಮಾತ್ರೆ. ನನ್ನ ಕೈಯಿಂದಲೇ ಹಾಕುತ್ತೇನೆ. ನೀನು ಮೂರನೆಯವಳಾಗಬೇಡ. ಅವ್ವ ಸತ್ತಾಗ ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ನೀನು. ನಿನ್ನ ಕಾಲು ಹಿಡಿದು ಕೇಳುತ್ತೇನೆ, ಬಾ.

ಕರಿಬಸಪ್ಪ


ಸಿಂಧನೂರು
೩೦ ಜೂನ್ ೧೯೫೪

ಚಿರಂಜೀವಿ ಕರಿಬಸಪ್ಪನಿಗೆ ಆಶೀರ್ವಾದ.

ನಿನ್ನ ಮನೆಯಲ್ಲಿ ಐದು ತಿಂಗಳು ಇದ್ದು ನಿನ್ನೆ ಬಂದವಳು ಇವತ್ತೇ ಪತ್ರ ಬರೆಯುತ್ತಿದ್ದೇನೆ ಎಂದು ನಗಬೇಡ. ಎದುರಿಗೆ ಹೇಳಲಾಗದ್ದು ಒಂದು ಉಳಿದಿದೆ.

ತಿಳಿದೂ ಸುಮ್ಮನಿದ್ದೆನಲ್ಲ ಎಂದು ನೀನು ಆ ಪತ್ರದಲ್ಲಿ ಅತ್ತುಕೊಂಡಿದ್ದೆ. ತೊಂಬತ್ತು ದಿನ ಇಂಜೆಕ್ಷನ್ ಹಾಕುವಾಗಲೂ ನನ್ನ ಕಣ್ಣು ನೋಡಲಿಲ್ಲ. ಹಾಗಾದರೆ ಕೇಳು. ನಾನು ನಿನಗೆ ಮೊದಲ ಪತ್ರ ಬರೆಯುವ ಮುಂಚೆಯೇ, ದೀಪಾವಳಿಗೆ ಎರಡು ದಿನ ಇರುವಾಗ, ಕೆಮ್ಮಿನಲ್ಲಿ ರಕ್ತ ಬಂದಿತ್ತು. ಸೆರಗಿನ ತುದಿ ತೊಳೆದು ಬೇಲಿಯ ಮೇಲೆ ಹಾಕಿದೆ. ಹಲ್ಲು, ಜ್ವರ, ಹತ್ತಿಯ ಧೂಳು ಎಂದು ಬರೆದದ್ದೆಲ್ಲ ನೆಪ. ನನ್ನ ಲೆಕ್ಕ ಇಷ್ಟೇ ಇತ್ತು. ಗಲ್ಲ ಒಂದು ಸಂಜೆ ನಿಂತರೆ ಸಾಕು, ಪಂಪಿ ಆ ಮನೆ ಸೇರಿದರೆ ಸಾಕು, ಆಮೇಲೆ ನಾನು ಇದ್ದರೇನು ಹೋದರೇನು. ಒಳಕೋಣೆಯ ಬಾಗಿಲಿಗೆ ಕಂಬಳಿ ಕಟ್ಟಲು ನನಗೆ ಯಾರೂ ಬೇಕಾಗಿರಲಿಲ್ಲ. ನಾನೇ ಕಟ್ಟಿಕೊಂಡಿದ್ದೆ.

ಆದ್ದರಿಂದ ಇನ್ನು ಮೇಲೆ ನನ್ನನ್ನು ನೋಡುವಾಗ ತಲೆ ತಗ್ಗಿಸಬೇಡ. ನಾವಿಬ್ಬರೂ ಸುಳ್ಳರೇ. ಆ ಮುದುಕಿ ಒಬ್ಬಳೇ ಬಾಯಿಬಿಟ್ಟು ನಿಜ ಹೇಳಿದಳು. ಅದಕ್ಕೆ ನಾನು ಆಕೆಯನ್ನು ಎಷ್ಟು ಬೈದೆ!

ಊರಿಗೆ ಎಲ್ಲ ಗೊತ್ತಾಗಿದೆ. ನೆರೆಮನೆಯ ಪಕೀರಮ್ಮ ಬಾಗಿಲಲ್ಲೇ ನಿಂತು, ಒಳಗೆ ಕಾಲಿಡದೆ, "ಖರೇನೇನ ಪಂಪಿ, ನಿಮ್ಮವ್ವಗ ಅದಾ ರೋಗಾ?" ಎಂದಳು. ಪಂಪಿ ರೊಟ್ಟಿ ಬಡಿಯುವುದು ನಿಲ್ಲಿಸಲಿಲ್ಲ. "ಹೌದಬೇ. ನಮ್ಮವ್ವಗ ಅದಾ ರೋಗ, ಅದಕ್ಕ ಔಷಧ ತಗೋಳಾಕತ್ತಾಳ. ನಿಮ್ಮ ಮನ್ಯಾಗ ಯಾರಿಗೆರ ಇದ್ರ ನಮ್ಮ ಮಾಮಾಗ ಹೇಳತೀನಿ," ಎಂದಳು. ಹದಿನೇಳು ವರ್ಷದ ಹುಡುಗಿ! ನನ್ನ ಹೊಟ್ಟೆಯಲ್ಲಿ ಇಷ್ಟು ಧೈರ್ಯ ಹುಟ್ಟಿದ್ದು ಎಲ್ಲಿಂದ? ಅವಳ ಎದೆಯನ್ನೂ ಸಾಹೇಬರು ನೋಡಿ ಏನೂ ಇಲ್ಲ ಎಂದದ್ದು ನೆನೆದರೆ ಈಗಲೂ ಕೈ ಜೋಡಿಸುತ್ತೇನೆ.

ಗದ್ದೆಮ್ಮ ತುಪ್ಪದ ಮಗಿ ಕಳಿಸಿದ್ದಾಳೆ. ತಂದವನು ಹಂಪಣ್ಣ. ಪಂಪಿ ನೀರು ಕೊಟ್ಟಳು, ಅದೇ ಚಂಬಿನಲ್ಲಿ.

ಶೇಖರಮ್ಮ


ಲಿಂಗಸುಗೂರು
೯ ಅಕ್ಟೋಬರ್ ೧೯೫೫

ಪೂಜ್ಯ ಅಕ್ಕನಿಗೆ,

ಮೂರನೆಯ ಸಲವೂ ಕಫದಲ್ಲಿ ಏನೂ ಇಲ್ಲ. ರಾಯಚೂರಿನಿಂದ ಎದೆಯ ಚಿತ್ರವೂ ಬಂದಿದೆ. ಸಾಹೇಬರು ಅದನ್ನು ಕಿಟಕಿಗೆ ಹಿಡಿದು, "ನಿಮ್ಮ ಅಕ್ಕನವರು ಹಠಮಾರಿಯೇ?" ಎಂದು ಕೇಳಿದರು. ಬಹಳ ಎಂದೆ. "ಒಳ್ಳೆಯದಾಯಿತು," ಎಂದರು. ಮಾತ್ರೆ ಡಿಸೆಂಬರಿನವರೆಗೆ ತಪ್ಪಿಸಬೇಡ.

ಹೋದ ವಾರ ನೀನು ಕಟ್ಟು ಒತ್ತುತ್ತದೆ ಎಂದು ಕಳಿಸಿದೆಯಲ್ಲ, ಅದನ್ನು ದಾವಲ್‌ಸಾಬ್ ನಾಲ್ಕನೆಯ ಸಲ ಕೆರೆದರು. ಗುಲಾಬಿ ಪುಡಿ ಅವರ ಮೊಣಕಾಲಿನ ಮೇಲೆಲ್ಲ ಬಿದ್ದಿತ್ತು. ನಗುತ್ತಿದ್ದರು. "ಕಂಪೌಂಡರ್ ಸಾಬ್, ಅಕ್ಕಾವ್ರ ಗಲ್ಲ ನನ್ನ ಕೆಲಸ ಕಸಗೊಳ್ಳಾಕತ್ತೈತಿ. ಇನ್ನ ಹಲ್ಲು ಅಷ್ಟ ಉಳದಾವ." ತಾನು ಮೂರು ಸಂಜೆ ಕೂತು ಕೂಡಿಸಿದ್ದನ್ನು ತಾನೇ ಉಜ್ಜಿ ಕಳೆಯುತ್ತ ಹಿಗ್ಗುವ ಕಸುಬುದಾರನನ್ನು ಬೇರೆಲ್ಲಿ ಹುಡುಕಲಿ? ಎಲೆಅಡಿಕೆಯ ಮಾತು ಬಂದರೆ ಮಾತ್ರ ಇವತ್ತಿಗೂ ಒಪ್ಪುವುದಿಲ್ಲ. "ಫೋಟೋದಾಗ ಇದ್ದದ್ದು ಮಾಡೀನಿ," ಎನ್ನುತ್ತಾರೆ.

ಖಾಸಿಂಬೀ ನಿನ್ನನ್ನು ಕೇಳಿದರು. ಕೀವು ತೆಗೆದ ಮೇಲೆ ಅವರ ಬಲಗಲ್ಲದಲ್ಲಿ ಕಲೆ ಉಳಿದಿದೆ. ಈಗ ವಾರ್ಡಿನಲ್ಲಿಯೇ ಆಯಾ ಕೆಲಸಕ್ಕೆ ಸೇರಿದ್ದಾರೆ. ಕ್ಷಯದ ಹೆಂಗಸರು ಇಂಜೆಕ್ಷನ್‌ಗೆ ಹೆದರಿದರೆ ಪಕ್ಕದಲ್ಲಿ ಕೂತು ಹಾಡುತ್ತಾರೆ.

ಕರಿಬಸಪ್ಪ


ಸಿಂಧನೂರು
೨೦ ಫೆಬ್ರುವರಿ ೧೯೫೬

ಚಿರಂಜೀವಿ ಕರಿಬಸಪ್ಪನಿಗೆ ಅಕ್ಕನ ಆಶೀರ್ವಾದ.

ನಿನ್ನೆ ಗದ್ದೆಮ್ಮ ಬಂದಿದ್ದಳು. ಹೇಳಿ ಕಳಿಸದೆ, ಒಬ್ಬಳೇ, ಮಧ್ಯಾಹ್ನದ ಬಸ್ಸಿಗೆ. ನಾನು ಕಟ್ಟು ಹಾಕಿಕೊಂಡಿರಲಿಲ್ಲ. ಒಳಗೆ ಓಡಿ ಹಾಕಿಕೊಂಡು ಬರೋಣವೆಂದರೆ, "ಎಲ್ಲಿಗಿ ಓಡ್ತಿ? ಕುಂದರು. ಮೊದಲು ನನ್ನ ಮುಂದ ಉಣ್ಣು," ಎಂದಳು.

ತಮ್ಮಾ, ಆಕೆ ಈ ಸಲ ಮುಖ ನೋಡಲಿಲ್ಲ. ನಾನು ಉಣ್ಣುವುದನ್ನು ನೋಡಿದಳು. ಎರಡು ರೊಟ್ಟಿ, ಎಣ್ಣೆಗಾಯಿ, ಮೊಸರು. ದವಡೆ ಹಲ್ಲಿಲ್ಲದೆ ಮುಂದಿನ ಹಲ್ಲಿನಿಂದ ಮೆಲ್ಲಗೆ ಅಗಿದು ಉಂಡೆ. ಮುಗಿದ ಮೇಲೆ, "ಇನ್ನೊಂದು?" ಎಂದಳು. ಇನ್ನರ್ಧ ಹಾಕಿಸಿಕೊಂಡೆ.

ಆಮೇಲೆ ಕೈಚಾಚಿ ನನ್ನ ಗಲ್ಲ ಹಿಂಡಿದಳು. ಮಗುವಿನ ಗಲ್ಲ ಹಿಂಡುವ ಹಾಗೆ, ನೋಯುವ ಹಾಗೆ ಹಿಂಡಿದಳು. ಒಳಗಿನಿಂದ ಎತ್ತಿ ಹಿಡಿಯಲು ಅಲ್ಲಿ ಏನೂ ಇರಲಿಲ್ಲ, ನನ್ನದೇ ಮಾಂಸ ಇತ್ತು. "ಇದು ನಿಂದ," ಎಂದಳು. ಅಷ್ಟು ಹೇಳಿ ಸೆರಗಿನಿಂದ ಕಣ್ಣೊರೆಸಿಕೊಂಡಳು. "ನಮ್ಮ ಅಮರಿ ಇದ್ದಿದ್ರ ನಿನ್ನ ವಾರಿಗಿ ಆಗತಿದ್ಲು." ನಾನು ಆಕೆಗೆ ಅವ್ವಾ ಎಂದೆ. ನಮ್ಮ ಅವ್ವ ಹೋದ ಮೇಲೆ ಆ ಮಾತು ನನ್ನ ಬಾಯಿಂದ ಬಂದಿರಲಿಲ್ಲ. ಇಬ್ಬರೂ ಅತ್ತೆವು. ಪಂಪಿ ಬಾಗಿಲಲ್ಲಿ ನಿಂತು, ಈ ಮುದುಕಿಯರಿಗೆ ಏನಾಯಿತು ಎಂಬಂತೆ ನೋಡುತ್ತಿದ್ದಳು.

ಮದುವೆ ಯುಗಾದಿ ಆದ ಎಂಟನೆಯ ದಿನ. ಹಂಪಣ್ಣ ಎರಡು ವರ್ಷ ಕಾದ. ಮನೆಯವರು ಬೇರೆ ಹೆಣ್ಣು ನೋಡೋಣವೇ ಎಂದಾಗ, "ಅತ್ತಿ ಗುಣ ಆಗಲಿ," ಎಂದನಂತೆ. ಮದುವೆಗೆ ಮುಂಚೆಯೇ ನನ್ನನ್ನು ಅತ್ತೆ ಎಂದ ಹುಡುಗ. ಚಂಬು ತೊಳೆದಿಟ್ಟ ದಿನ ನಾನು ಕಂಡದ್ದು ಸುಳ್ಳಾಗಲಿಲ್ಲ.

ನೀನು ಎಂಟು ದಿನ ಮುಂಚೆಯೇ ಬರಬೇಕು. ದಾವಲ್‌ಸಾಬ್‌ರನ್ನೂ ಖಾಸಿಂಬೀ ಅವರನ್ನೂ ಕರೆದುಕೊಂಡೇ ಬಾ. ಯಾರಾದರೂ ಏನಾದರೂ ಅಂದರೆ ಉತ್ತರ ಕೊಡಲು ಗದ್ದೆಮ್ಮ ಇದ್ದಾಳೆ, ನನ್ನ ಬಾಯಿಯೂ ಈಗ ಗಟ್ಟಿ ಇದೆ.

ಒಂದು ನಾಚಿಕೆಯ ಮಾತು ಹೇಳಿ ಮುಗಿಸುತ್ತೇನೆ. ಪಂಪಿಯ ಕೊರಳಿಗೆ ತಾಳಿ ಬಿದ್ದದ್ದು ನೋಡಿದರೆ ಸಾಕು, ಆಮೇಲೆ ಶಿವ ಯಾವಾಗ ಬೇಕಾದರೂ ಕರೆಯಲಿ ಎಂದು ಮೊದಲು ಬೇಡಿಕೊಂಡಿದ್ದೆ. ಈಗ ಅಷ್ಟಕ್ಕೆ ಮನಸ್ಸು ನಿಲ್ಲುತ್ತಿಲ್ಲ. ಅವಳ ಬಾಣಂತನ ನಾನೇ ಮಾಡಬೇಕು. ಆ ಕೂಸಿಗೆ ನಾನೇ ಎಣ್ಣೆ ಹಚ್ಚಿ ಎರೆಯಬೇಕು. ನಿನ್ನೆ ಸಂಜೆಯಿಂದ ಹಳೆಯ ಸೀರೆ ಹುಡುಕಿ, ಕೂಸಿನ ತಲೆಗೆ ಹಾಕುವ ಕುಂಚಿಗೆ ಹೊಲಿಯಲು ಕತ್ತರಿಸುತ್ತಿದ್ದೇನೆ. ಇನ್ನೂ ಮದುವೆಯೇ ಆಗಿಲ್ಲ, ನಿನಗೆ ಹುಚ್ಚು ಎಂದು ನಿಮ್ಮ ಮಾವ ನಗುತ್ತಾರೆ. ನಗಲಿ.

ನಿನ್ನ ಅಕ್ಕ
ಶೇಖರಮ್ಮ